‘ಗಾಡಿ ಹೇಗಿದೆ ಸಾಹೇಬ್?’ ಅಂದಾಗ ನಾನು ಹೇಳಿದ ಸುಳ್ಳು

ಮೊನ್ನೆ ಭಾನುವಾರ ಬೆಳಿಗ್ಗೆ ಬೈಕು ಒರೆಸುತ್ತಾ ನಿಂತಿದ್ದೆ. ಬೇರೆ ಊರಲ್ಲಿ ಇದು ವಾರಕ್ಕೊಮ್ಮೆ ಮಾಡುವ ಕೆಲಸ ಇರಬಹುದು, ನಮ್ಮ ಖಾಪರಖೇಡಾದಲ್ಲಿ ದಿನಾ ಮಾಡಬೇಕು. ಊರ ಪಕ್ಕದಲ್ಲೇ 1,340 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ, ಆ ಕಡೆ ಕೋರಾಡಿಯಲ್ಲಿ ಇನ್ನೊಂದು. ಗಾಳಿ ಸ್ವಲ್ಪ ತಿರುಗಿದರೆ ಸಾಕು, ಹಾರುಬೂದಿ ಬಂದು ಒಣಹಾಕಿದ ಬಟ್ಟೆ, ತುಳಸಿಗಿಡ, ಬೈಕಿನ ಕ್ರೋಮು ಎಲ್ಲದರ ಮೇಲೂ ಸಮನಾಗಿ ಕೂರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಅದಕ್ಕೆ ಮೊದಲು ನೀರು ಹಾಕಬೇಕು. ನನ್ನವಳು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ರೀ, ಓಡಿಸಿದ್ದಕ್ಕಿಂತ ಒರೆಸಿದ್ದೇ ಜಾಸ್ತಿ ಆಯ್ತಲ್ಲ" ಅಂದಳು.

ನಗುತ್ತಲೇ ಹೇಳಿದ ಮಾತು. ಆದರೆ ನನಗೆ ನಾಟಿತು. ಎರಡೂವರೆ ವರ್ಷದಿಂದ ಯಾರು ಕೇಳಿದರೂ ‘ಸೂಪರ್ ಗಾಡಿ’ ಅಂತಲೇ ಹೇಳಿಕೊಂಡು ಬಂದವನು ನಾನು. ಈ ಸಲ ನಿಜ ಬರೆದುಬಿಡೋಣ ಅಂತ ಕೂತಿದ್ದೇನೆ. ಯಾಕೆ ಬರೆಯುತ್ತಿದ್ದೇನೆ ಅನ್ನೋದು ಕೊನೆಗೆ ಗೊತ್ತಾಗುತ್ತದೆ.

ನನ್ನ ಬಗ್ಗೆ ಹಳೇ ಓದುಗರಿಗೆ ಗೊತ್ತು. ಹುಟ್ಟಿದ್ದು ಮೈಸೂರು, ಅಲ್ಲೇ ಬಿಕಾಂ ಮುಗಿಸಿ ಬ್ಯಾಂಕು ಸೇರಿದವನನ್ನು 1996ರಲ್ಲಿ ನಾಗ್ಪುರಕ್ಕೆ ಹಾಕಿದರು. ಎರಡು ವರ್ಷ ಅಂತ ಬಂದೆ. ವಿದರ್ಭದಲ್ಲೇ ಅಲ್ಲಿ ಇಲ್ಲಿ ಸುತ್ತಿಸಿದರು, ಮಗ ಇಲ್ಲೇ ಓದಿದ, ಮನೆಯೂ ಇಲ್ಲೇ ಆಯಿತು. ಇನ್ನು ರಿಟೈರ್‌ಮೆಂಟ್ ಹತ್ತಿರ ಬಂದಿದೆ.

ಬೈಕಿನ ಹುಚ್ಚು ಹತ್ತಿದ್ದು ಮಾತ್ರ ಮೈಸೂರಿನಲ್ಲೇ. ನಮ್ಮ ಸೋದರಮಾವ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದರು. 1961ರಲ್ಲಿ ಶುರುವಾದ ಕಾರ್ಖಾನೆ ಅದು. ಮೊದಲು ಜೆಕ್ ದೇಶದ ಜಾವಾ ಹೆಸರಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಅನ್ನೋ ಹೆಸರಲ್ಲಿ ಗಾಡಿಗಳು ಅಲ್ಲಿಂದ ದೇಶಕ್ಕೆಲ್ಲ ಹೋದವು. ಮಾವನ ಹತ್ತಿರ ಒಂದು ಯೆಜ್ಡಿ ರೋಡ್‌ಕಿಂಗ್ ಇತ್ತು. ಒಂದೇ ಪೆಡಲ್ಲು ಕಿಕ್ಕಿಗೂ ಅದೇ, ಗೇರಿಗೂ ಅದೇ. ಒದ್ದು ಸ್ಟಾರ್ಟ್ ಮಾಡಿ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತಿತ್ತು! ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಆ ಎರಡು ಸೈಲೆನ್ಸರಿನ ಸದ್ದು ಬೀದಿ ಕೊನೆಯಲ್ಲಿ ಕೇಳಿಸಿದರೆ ಮಾವ ಬಂದರು ಅಂತ ಅತ್ತೆ ಒಲೆ ಮೇಲೆ ನೀರಿಡುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಊರು ಬಿಟ್ಟದ್ದೂ ಅದೇ ವರ್ಷ. ಹಾಗಾಗಿ ನನ್ನ ತಲೆಯಲ್ಲಿ ಊರು, ಮಾವ, ಆ ಸದ್ದು, ಮೂರೂ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಹಾಗಿದೆ.

ಮೂವತ್ತು ವರ್ಷ ಸ್ಕೂಟರಿನಲ್ಲೇ ಕಳೆದೆ. ಮಗನ ಫೀಸು, ಮನೆ ಸಾಲ, ಇನ್ನೊಂದು ಮತ್ತೊಂದು. ಈ ನಡುವೆ ಪೇಟೆಯಲ್ಲಿ ಬೈಕುಗಳು ಬೆಳೆಯುತ್ತಾ ಹೋದವು. 2001ರಲ್ಲಿ ಬಜಾಜಿನವರು ಎಲಿಮಿನೇಟರ್ ತಂದರು, 2005ರಲ್ಲಿ ಅವೆಂಜರ್. ಕಾಲು ಮುಂದಕ್ಕೆ ಚಾಚಿ, ತಗ್ಗಿನ ಸೀಟಿನಲ್ಲಿ ಒರಗಿ ಕೂತಂತೆ ಓಡಿಸುವ ಈ ಜಾತಿಗೆ ಕ್ರೂಸರ್ ಅಂತ ಹೆಸರು. ಅಮೆರಿಕದ ನೂರಾರು ಮೈಲಿ ನೇರ ಹೆದ್ದಾರಿಗಳಿಗೆ ಒಗ್ಗಿದ ಗಾಡಿ. ಆಮೇಲೆ ಹಾರ್ಲೆ ಬಂತು, 2020ರ ಸೆಪ್ಟೆಂಬರಿನಲ್ಲಿ ಇಲ್ಲಿನ ಕಾರ್ಖಾನೆ ಮುಚ್ಚುತ್ತೇವೆ ಅಂತ ಹೇಳಿತು, ಹೀರೋ ಕಂಪನಿಯ ಕೈ ಹಿಡಿದು ಉಳಿದುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350, 2023ರ ಜನವರಿಯಲ್ಲಿ ಸೂಪರ್ ಮೀಟಿಯರ್ 650 ಬಂದವು. ಜಾವಾ, ಯೆಜ್ಡಿ ಹೆಸರುಗಳೂ ಹೊಸ ಕಂಪನಿಯ ಕೈಲಿ ಮತ್ತೆ ಹುಟ್ಟಿದವು. ಒಟ್ಟಿನಲ್ಲಿ ನನ್ನಂಥ ಐವತ್ತು ದಾಟಿದವರನ್ನು ಶೋರೂಮಿಗೆ ಕರೆಯುವುದಕ್ಕೆ ಎಲ್ಲ ತಯಾರಿಯೂ ನಡೆದಿತ್ತು.

2023ರ ಯುಗಾದಿ ದಿನ, ಇಲ್ಲಿಯವರ ಗುಡಿ ಪಾಡ್ವಾ, ನಾನೂ ಒಂದು ದೊಡ್ಡ ಕ್ರೂಸರ್ ತಂದೆ. ಕಂಪನಿ ಹೆಸರು ಬೇಡ, ಇವತ್ತಿನ ವಿಷಯ ಕಂಪನಿಯದ್ದಲ್ಲ. ಆನ್‌ರೋಡ್ 4 ಲಕ್ಷದ 40 ಸಾವಿರ. ಸಾಲ ಮಾಡಲಿಲ್ಲ, ಒಂದು ಎಫ್‌ಡಿ ಮುರಿದೆ. ಆ ಎಫ್‌ಡಿ ಅಡಿಗೆಮನೆ ರಿಪೇರಿಗೆ ಅಂತ ಇಟ್ಟದ್ದು ಅನ್ನೋದನ್ನು ಇಲ್ಲಿ ಹೇಳಿಬಿಡುತ್ತೇನೆ, ಮನೆಯಲ್ಲಿ ಹೇಗೂ ಹೇಳಿಸಿಕೊಂಡಾಗಿದೆ. ನನ್ನ ವಾದ ಏನಿತ್ತೆಂದರೆ: ನಾಗ್ಪುರದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 44 ನೇರ ಬೆಂಗಳೂರಿಗೇ ಹೋಗುತ್ತದೆ, ಇನ್ನು ವರ್ಷಕ್ಕೆರಡು ಸಲ ರೈಲು ಟಿಕೆಟ್ಟಿಗೆ ಕಾಯದೆ ಊರಿಗೆ ಹೋಗಿಬರೋಣ! ಊರು ಬಿಟ್ಟವರಿಗೆ ಈ ವಾದ ಎಷ್ಟು ಸಿಹಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲು ಸಂತೋಷದ ಲೆಕ್ಕ ಒಪ್ಪಿಸಿಬಿಡುತ್ತೇನೆ, ಅನ್ಯಾಯ ಆಗಬಾರದು. ಡಿಸೆಂಬರ್ ತಿಂಗಳ ಬೆಳಿಗ್ಗೆ ಆರೂವರೆಗೆ ಮಂಜಿನಲ್ಲಿ ರಾಮಟೇಕಿನ ಕಡೆ ಹೋಗುವಾಗ ಆ ಎಂಜಿನ್ನು ಅಡಿಯಲ್ಲಿ ಮೆಲ್ಲಗೆ ಗುನುಗುತ್ತಿದ್ದರೆ, ಬ್ಯಾಂಕು, ಟಾರ್ಗೆಟ್ಟು, ಆಡಿಟ್ಟು ಎಲ್ಲ ಮರೆಯುತ್ತದೆ. ಅದಾಸಾ ಗಣಪತಿಯ ಗುಡ್ಡದ ರಸ್ತೆ ಮಳೆಗಾಲದಲ್ಲಿ ನಮ್ಮ ಚಾಮುಂಡಿ ಬೆಟ್ಟದ ನೆನಪು ತರುತ್ತದೆ. ಎಂಬತ್ತರ ವೇಗದಲ್ಲಿ ಗಾಡಿ ಕಲ್ಲಿನಂತೆ ಕೂತಿರುತ್ತದೆ, ಕೈ ನಡುಗುವುದಿಲ್ಲ. ಇದೆಲ್ಲ ನಿಜ.

ಈಗ ಉಳಿದದ್ದು. ಗಾಡಿಯ ತೂಕ ಸುಮಾರು 240 ಕಿಲೋ, ಮಾವನ ಯೆಜ್ಡಿಗಿಂತ ನೂರು ಕಿಲೋ ಹೆಚ್ಚು. ಓಡುವಾಗ ಭಾರ ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ನಮ್ಮ ಗೇಟಿನ ಮುಂದೆ ಸ್ವಲ್ಪ ಇಳಿಜಾರು. ಹಿಂದಕ್ಕೆ ತಳ್ಳುವಾಗ ಒಮ್ಮೆ ಕಾಲು ಜಾರಿ ಗಾಡಿ ಒರಗಿಬಿತ್ತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ಮೂವರು ಬಂದು ಎತ್ತಿದರು, "ಕಾಕಾ, ಲಾಗಲ ಕಾಯ್?" ಅಂತ ಕೇಳಿದರು. ಪೆಟ್ಟೇನೂ ಆಗಲಿಲ್ಲ, ಆ ‘ಕಾಕಾ’ ಅನ್ನೋದು ಮಾತ್ರ ತಾಗಿತು. ಇನ್ನು ಬಿಸಿಲು. ನಾಗ್ಪುರದ ಮೇ ತಿಂಗಳು ಅಂದರೆ 45 ಡಿಗ್ರಿ. ಕಲ್ಲಿದ್ದಲು ಲಾರಿಗಳ ಹಿಂದೆ ಹತ್ತು ನಿಮಿಷ ಸಿಕ್ಕಿಕೊಂಡರೆ ಕೆಳಗಿನ ಎಂಜಿನ್ನು ಪ್ಯಾಂಟಿನೊಳಗೇ ಇಸ್ತ್ರಿ ಮಾಡುತ್ತದೆ. ಅದೇ ಲಾರಿಗಳು ಕಿತ್ತ ರಸ್ತೆಯ ಗುಂಡಿಗಳಲ್ಲಿ, ಕಾಲು ಮುಂದೆ ಚಾಚಿ ಕೂತವನಿಗೆ ಎದ್ದು ನಿಂತು ಏಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಇಡೀ ಏಟು ನೇರ ಬೆನ್ನುಹುರಿಗೆ. ಹಾಗಾಗಿ ಬ್ಯಾಂಕಿಗೆ ಇವತ್ತಿಗೂ ಹಳೇ ಸ್ಕೂಟರಿನಲ್ಲೇ ಹೋಗುತ್ತೇನೆ.

ನನ್ನವಳು ಹಿಂದೆ ಕೂತದ್ದು ಮೂರೇ ಸಲ. ಮೊದಲು ಪೂಜೆಗೆ ಅಂತ ಕೋರಾಡಿ ದೇವಿ ಗುಡಿಗೆ, ಆಮೇಲೊಮ್ಮೆ ಒಂದು ಮದುವೆಗೆ. ಮೂರನೇ ಸಲ ರಾಮಟೇಕಿಗೆ. ಅಲ್ಲಿ ಇಳಿದವಳೇ ಸೊಂಟ ಹಿಡಿದುಕೊಂಡು, "ಬರುವಾಗ ನಾನು ಬಸ್ಸಿಗೆ ಬರ್ತೀನಿ ರೀ, ನೀವು ಹಿಂದೆ ಬನ್ನಿ" ಅಂದಳು. ಹಾಗೇ ಬಂದೆವು!

ಹೆದ್ದಾರಿಯ ಗಾಡಿ ಅಂದೆನಲ್ಲ, ಅದರ ಕತೆಯೂ ಕೇಳಿ. ನಾಗ್ಪುರದಿಂದ ಮುಂಬೈಗೆ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಆಗಿದೆ. ಶಿರಡಿವರೆಗಿನ ಮೊದಲ ಭಾಗ 2022ರ ಡಿಸೆಂಬರಿನಲ್ಲಿ, ಪೂರ್ತಿ ರಸ್ತೆ 2025ರ ಜೂನ್‌ನಲ್ಲಿ ತೆರೆಯಿತು. ಕನ್ನಡಿಯಂಥ ರಸ್ತೆ. ಅಲ್ಲಿ ಬೈಕಿಗೆ ಪ್ರವೇಶ ಇಲ್ಲ. 2024ರ ಸಂಕ್ರಾಂತಿಗೆ ಒಬ್ಬನೇ ಮೈಸೂರಿಗೆ ಹೊರಟೆ. ಆದಿಲಾಬಾದ್, ಹೈದರಾಬಾದ್, ಕರ್ನೂಲು, ಅನಂತಪುರ ದಾಟಿ ಬೆಂಗಳೂರು. ಚೆನ್ನಾಗಿಯೇ ಇತ್ತು. ಕೊನೆಗೆ ನಮ್ಮೂರಿನ ಹೊಸ ಬೆಂಗಳೂರು–ಮೈಸೂರು ದಶಪಥಕ್ಕೆ ಬಂದರೆ, 2023ರ ಆಗಸ್ಟ್ 1ರಿಂದ ಅಲ್ಲೂ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬರುವಂತಿಲ್ಲ! ನಾಲ್ಕೂವರೆ ಲಕ್ಷದ ಹೆದ್ದಾರಿ ಗಾಡಿಯನ್ನು ಸರ್ವಿಸ್ ರಸ್ತೆಯಲ್ಲಿ, ಎಮ್ಮೆ, ಆಟೋ, ಎದುರಿಂದ ಬರುವ ಟ್ರ್ಯಾಕ್ಟರುಗಳ ನಡುವೆ ಓಡಿಸಿಕೊಂಡು ಊರು ಸೇರಿದೆ. ಜನರ ಪ್ರಾಣ ಉಳಿಸುವ ನಿಯಮ, ನಾನು ತಪ್ಪು ಅನ್ನುವುದಿಲ್ಲ. ಆದರೆ ಕೊಳ್ಳುವ ಮೊದಲು ನಾನು ಗಾಡಿಯ ಟಾರ್ಕು ಓದಿದ್ದೆ, ಸಿಸಿ ಓದಿದ್ದೆ. ಅದಕ್ಕೆ ಬೇಕಾದ ರಸ್ತೆ ನನ್ನ ಪಾಲಿಗೆ ಎಷ್ಟಿದೆ ಅಂತ ಒಮ್ಮೆಯೂ ಯೋಚಿಸಲಿಲ್ಲ.

ಮಾವನಿಗೆ ಆಗ ಎಂಬತ್ತು ದಾಟಿತ್ತು. ಹೊರಗೆ ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿದರು, ಸೀಟು ತಟ್ಟಿದರು, ಎಂಜಿನ್ನಿನ ಹತ್ತಿರ ಕಿವಿಯಿಟ್ಟು ಕೇಳಿದರು. "ಚೆನ್ನಾಗಿದೆ ಕಣೋ" ಅಂದರು. ಆಮೇಲೆ, "ಇದರಲ್ಲಿ ನೀನು ಏನು ಕೆಲಸ ಮಾಡ್ತೀಯ?" ಅಂತ ಕೇಳಿದರು. ಕೊಂಕಿಲ್ಲದ ಪ್ರಶ್ನೆ. ಅವರ ಯೆಜ್ಡಿ ಗ್ಯಾಸ್ ಸಿಲಿಂಡರ್ ಹೊತ್ತಿತ್ತು, ಅಕ್ಕಿ ಮೂಟೆ ಹೊತ್ತಿತ್ತು, ನಮ್ಮತ್ತೆಯನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿತ್ತು, ನನ್ನನ್ನು ಬ್ಯಾಂಕಿನ ಪರೀಕ್ಷೆಗೆ ಬಿಟ್ಟುಬಂದಿತ್ತು. "ಓಡಿಸೋದಕ್ಕೆ ಮಾವ, ಸುಮ್ಮನೆ" ಅಂದೆ. "ಹಾಗಾದರೆ ಓಡಿಸು" ಅಂದರು. ಅಷ್ಟೇ.

ಓಡಿಸಿದ್ದೆಷ್ಟು? ಬಿಕಾಂ ಓದಿದವನು, ಲೆಕ್ಕ ಹಾಕದೆ ಇರಲಾರೆ. ಮೀಟರಿನಲ್ಲಿ ಇವತ್ತು 8,700 ಕಿಲೋಮೀಟರ್, ಅದರಲ್ಲಿ 2,700 ಆ ಒಂದೇ ಮೈಸೂರು ಪ್ರಯಾಣದ್ದು. ಹೊರಗೆ ವಿಚಾರಿಸಿದಾಗ ಗಾಡಿಗೆ 2 ಲಕ್ಷ 90 ಸಾವಿರ ಕೊಡುತ್ತೇವೆ ಅಂದರು. ಅಂದರೆ ಒಂದೂವರೆ ಲಕ್ಷ ಸವೆದಿದೆ, ಕಿಲೋಮೀಟರಿಗೆ ಹದಿನೇಳು ರೂಪಾಯಿ. ಸರ್ವಿಸ್ಸು, ವಿಮೆ ಸೇರಿ 38 ಸಾವಿರ, ಅದು ನಾಲ್ಕೂ ಚಿಲ್ಲರೆ. ಪೆಟ್ರೋಲು ಇನ್ನೊಂದು ನಾಲ್ಕೂ ಚಿಲ್ಲರೆ. ಒಟ್ಟು ಕಿಲೋಮೀಟರಿಗೆ ಇಪ್ಪತ್ತಾರು ರೂಪಾಯಿ. ಆ ದುಡ್ಡಿಗೆ ಟ್ಯಾಕ್ಸಿಯಲ್ಲಿ ಏಸಿ ಹಾಕಿಸಿಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ರಾಮಟೇಕಿಗೆ ಹೋಗಿಬರಬಹುದಿತ್ತು. ಇದೇ ಗಾಡಿ 50 ಸಾವಿರ ಕಿಲೋಮೀಟರ್ ಓಡಿದ್ದರೆ ಲೆಕ್ಕವೇ ಬೇರೆ ಆಗುತ್ತಿತ್ತು. ಗಾಡಿ ತುಟ್ಟಿಯಾದದ್ದು ಕಂಪನಿಯ ಬೆಲೆಯಿಂದ ಸ್ವಲ್ಪ, ಮನೆ ಮುಂದೆ ನಿಂತದ್ದರಿಂದ ಬಹಳ.

ಇಷ್ಟೆಲ್ಲ ಗೊತ್ತಿದ್ದೂ ಕೇಳಿದವರಿಗೆ ‘ಸೂಪರ್’ ಅಂತ ಯಾಕೆ ಹೇಳುತ್ತಿದ್ದೆ? ನಾನೊಬ್ಬನೇ ಅಲ್ಲ ಅನ್ನೋದು ಸಮಾಧಾನ. ಭಾನುವಾರ ಸಾವನೇರ್ ರಸ್ತೆಯ ಧಾಬಾದಲ್ಲಿ ಇಂಥದ್ದೇ ಗಾಡಿಗಳ ಏಳೆಂಟು ಮಂದಿ ಸೇರುತ್ತೇವೆ. ಡಾಕ್ಟರು, ಕಂಟ್ರಾಕ್ಟರು, ಒಬ್ಬರು ಮೇಷ್ಟ್ರು. ಅಲ್ಲಿ ಯಾರಿಗೂ ಬೆನ್ನು ನೋಯುವುದಿಲ್ಲ, ಯಾರ ಗಾಡಿಯೂ ಬಿಸಿಯಾಗುವುದಿಲ್ಲ, ಎಲ್ಲರ ಗಾಡಿಯೂ ಲೀಟರಿಗೆ ಮೂವತ್ತು ಕೊಡುತ್ತದೆ! ಹೋದ ವರ್ಷ ಒಬ್ಬರು ಗಾಡಿ ಮಾರಿದರು. ಮಾರಿದ ಮಾರನೇ ವಾರ ಕಾರಿನಲ್ಲಿ ಬಂದು ಚಹಾ ಕುಡಿಯುತ್ತಾ, ತೊಡೆ ಸುಟ್ಟದ್ದು, ರಾತ್ರಿ ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡದ್ದು ಎಲ್ಲ ವಿವರವಾಗಿ ಹೇಳಿದರು. ಗಾಡಿ ಇರುವ ತನಕ ಬಾಯಿ ಕಟ್ಟಿತ್ತು. ‘ಚೆನ್ನಾಗಿಲ್ಲ’ ಅಂದರೆ ಗಾಡಿ ಕೆಟ್ಟದ್ದು ಅಂತ ಆಗುವುದಿಲ್ಲ, ‘ನಾನು ನಾಲ್ಕೂವರೆ ಲಕ್ಷಕ್ಕೆ ಮೋಸಹೋದ ದಡ್ಡ’ ಅಂತ ಆಗುತ್ತದೆ. ಅದನ್ನು ಒಪ್ಪಿಕೊಳ್ಳಲಾರದೆ ಹೊಗಳುತ್ತೇವೆ.

ಇದು ಬರೀ ಜಂಭದ ಸುಳ್ಳು, ಯಾರಿಗೇನು ನಷ್ಟ ಅಂತ ನಾನೂ ಅಂದುಕೊಂಡಿದ್ದೆ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

2023ರ ದಸರಾ ಸಮಯ. ಇಪ್ಪತ್ತಾರರ ಹುಡುಗನೊಬ್ಬ ಬ್ಯಾಂಕಿಗೆ ಬಂದ. ಹೆಸರು ಬೇಡ. ಅವನ ತಂದೆ ನಮ್ಮ ಹಳೇ ಖಾತೆದಾರರು, ತೀರಿಕೊಂಡಿದ್ದಾರೆ. ಹುಡುಗ ಒಬ್ಬ ಗುತ್ತಿಗೆದಾರರ ಹತ್ತಿರ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಓವರ್‌ಟೈಮ್ ಸೇರಿ ಕೈಗೆ 19 ಸಾವಿರ ಬರುತ್ತಿತ್ತು. 350 ಸಿಸಿಯ ಕ್ರೂಸರ್ ಬೇಕು, ಆನ್‌ರೋಡ್ 2 ಲಕ್ಷ 40 ಸಾವಿರ, ಎರಡು ಲಕ್ಷ ಸಾಲ. ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಆದರೂ ಅವನ ಮನಸ್ಸಿನಲ್ಲಿ ಏನೋ ಅಳುಕು. ಎದ್ದು ಹೋಗುವ ಮುಂಚೆ ಕೇಳಿದ: "ಸಾಹೇಬ್, ನಿಮ್ಮ ಹತ್ತಿರ ದೊಡ್ಡ ಗಾಡಿ ಇದೆಯಲ್ಲ, ಕಶೀ ಆಹೆ? ತಗೋಬಹುದಾ?"

ಆ ಹೊತ್ತಿಗಾಗಲೇ ನನ್ನ ಗಾಡಿ ಗೇಟಿನ ಮುಂದೆ ಬಿದ್ದು ಎದ್ದಾಗಿತ್ತು. ತೊಡೆ ಬೆಂದಾಗಿತ್ತು. ಆದರೆ ಕ್ಯಾಬಿನ್ನಿನಲ್ಲಿ ಇನ್ನಿಬ್ಬರು ಕೂತಿದ್ದರು. ನಾನು ಕುರ್ಚಿಗೆ ಒರಗಿ, "ಏಕದಮ್ ಭಾರೀ!" ಅಂದೆ. ಮರಾಠಿಯಲ್ಲಿ ಅದಕ್ಕೆ ‘ಬೊಂಬಾಟ್’ ಅಂತ ಅರ್ಥ. ಹುಡುಗನ ಮುಖ ಅರಳಿತು. ಸಹಿ ಹಾಕಿದ.

ಹನ್ನೆರಡು ಪರ್ಸೆಂಟಿನಂತೆ ನಾಲ್ಕು ವರ್ಷಕ್ಕೆ ತಿಂಗಳ ಕಂತು 5,267 ರೂಪಾಯಿ. ಹದಿನಾಲ್ಕು ಕಂತು ಒಂದು ದಿನವೂ ತಪ್ಪದೆ ಬಂತು. ಆಮೇಲೆ ಗುತ್ತಿಗೆದಾರರು ಓವರ್‌ಟೈಮ್ ನಿಲ್ಲಿಸಿದರು. ಮೂರು ಕಂತು ವಾಪಸ್ಸಾಯಿತು. ನೋಟಿಸಿಗೆ ಸಹಿ ಹಾಕಿದವನು ನಾನೇ. ಸಾಲದ ಬಾಕಿ ಒಂದೂವರೆ ಲಕ್ಷ ದಾಟಿತ್ತು, ಗಾಡಿ ಮಾರಿದಾಗ ಸಿಕ್ಕಿದ್ದು 1 ಲಕ್ಷ 35 ಸಾವಿರ. ಉಳಿದ ಇಪ್ಪತ್ತು ಸಾವಿರ ಚಿಲ್ಲರೆಗೆ ಅವನ ತಾಯಿ ಎರಡು ಬಳೆ ತಂದು ನಮ್ಮ ಬ್ರಾಂಚಿನಲ್ಲೇ ಚಿನ್ನದ ಸಾಲ ತೆಗೆದುಕೊಂಡರು. ಆ ಕಾಗದಕ್ಕೂ ನನ್ನದೇ ಸಹಿ. ಆಕೆ ನನಗೆ ಕೈಮುಗಿದು ಹೋದರು. ಅವತ್ತು ಊಟ ಸೇರಲಿಲ್ಲ.

ನಾನು ‘ಬೇಡಪ್ಪ’ ಅಂದಿದ್ದರೆ ಅವನು ಬಿಡುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ಹರಯದ ಹುಡುಗ, ಬಹುಶಃ ಬಿಡುತ್ತಿರಲಿಲ್ಲ. ಆದರೆ ಅವನು ಕೇಳಿದ್ದು ಬ್ಯಾಂಕ್ ಅಧಿಕಾರಿಯನ್ನಲ್ಲ, ಗಾಡಿ ಇಟ್ಟುಕೊಂಡವನನ್ನು. ಜಾಹೀರಾತು ಸುಳ್ಳು ಹೇಳುತ್ತದೆ ಅಂತ ಎಲ್ಲರಿಗೂ ಗೊತ್ತು. ಶೋರೂಮಿನ ಹುಡುಗನಿಗೆ ಕಮಿಷನ್ ಇದೆ ಅಂತಲೂ ಗೊತ್ತು. ಅದಕ್ಕೇ ಜನ ಕೊನೆಗೆ ಓಡಿಸುವವನ ಹತ್ತಿರ ಬಂದು ಕೇಳುತ್ತಾರೆ. ಅವನೂ ತನ್ನ ಮಾನ ಉಳಿಸಿಕೊಳ್ಳಲು ಹೊಗಳಿದರೆ, ಕೇಳುವವನು ಇನ್ನೆಲ್ಲಿಗೆ ಹೋಗಬೇಕು ಹೇಳಿ?

ಈ ಮಾತು ಈಗ ಇನ್ನೂ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40 ಆಯಿತು. ಚಿಕ್ಕ ಕ್ರೂಸರುಗಳು ಕೈಗೆಟಕುವ ಹಾಗೆ ಕಾಣುತ್ತಿವೆ, ದಸರಾ ದೀಪಾವಳಿಗೆ ನಮ್ಮ ಬ್ರಾಂಚಿನಲ್ಲಿ ಹುಡುಗರ ಸಾಲು. ಬೆಲೆ ಇಳಿದದ್ದು ಕಣ್ಣಿಗೆ ಬೀಳುತ್ತದೆ, ಸವೆತ ಬೀಳುವುದಿಲ್ಲ. ವಿಮೆಯವರ ಲೆಕ್ಕದಲ್ಲೇ ಗಾಡಿಯ ಮೌಲ್ಯ ಒಂದು ವರ್ಷ ದಾಟಿದರೆ 20 ಪರ್ಸೆಂಟ್, ಎರಡು ದಾಟಿದರೆ 30, ನಾಲ್ಕು ದಾಟಿದರೆ ಅರ್ಧ ಕಡಿಮೆ. ಸಾಲ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ, ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಕೊನೆಯ ಕಂತುಗಳಿಗಿಂತ ಜಾಸ್ತಿ. ಆ ಹುಡುಗ ಸಿಕ್ಕಿಬಿದ್ದದ್ದು ಈ ಎರಡು ಗೆರೆಗಳ ಸಂದಿಯಲ್ಲಿ.

ಹಾಗಂತ ಯಾರೂ ದೊಡ್ಡ ಗಾಡಿ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಆಸೆ ಅನ್ನೋದು ಅಪರಾಧ ಅಲ್ಲ. ಈಗ ಯಾರಾದರೂ ಕೇಳಿದರೆ ಕೂರಿಸಿಕೊಂಡು ಮೂರು ಮಾತು ಕೇಳುತ್ತೇನೆ. ಈಗಿರುವ ಗಾಡಿಯಲ್ಲಿ ಹೋದ ಮೂರು ತಿಂಗಳಲ್ಲಿ ಕೆಲಸವಿಲ್ಲದೆ, ಬರೀ ಓಡಿಸುವ ಖುಷಿಗೆ ಎಷ್ಟು ಕಿಲೋಮೀಟರ್ ಹೋಗಿದ್ದೀಯ? ಸೊನ್ನೆ ಅಂದರೆ, ಹೊಸ ಗಾಡಿ ಬಂದ ಮೇಲೂ ನಾಲ್ಕನೇ ತಿಂಗಳಿಗೆ ಸೊನ್ನೆಯೇ. ಎರಡನೆಯದು, ಬಾಡಿಗೆಗೆ ಅದೇ ಗಾಡಿ ಸಿಗುತ್ತದೆ, ಎರಡು ದಿನ ತಂದು ನಮ್ಮ ಲಾರಿ ರಸ್ತೆಯಲ್ಲಿ ಮಧ್ಯಾಹ್ನ ಓಡಿಸಿದ್ದೀಯ, ಹಿಂದೆ ಕೂರುವವರನ್ನು ಕೂರಿಸಿ ನೋಡಿದ್ದೀಯ? ಮೂರನೆಯದು, ಓವರ್‌ಟೈಮ್ ಬಿಟ್ಟು ಬರೀ ಮೂಲ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತದಾ? ಮೂರಕ್ಕೂ ಉತ್ತರ ಸರಿಯಿದ್ದರೆ ಧಾರಾಳವಾಗಿ ತಗೋ, ನಾನೇ ಸಹಿ ಹಾಕುತ್ತೇನೆ. ನನ್ನದೇ ಉತ್ತರ 2023ರಲ್ಲಿ ಏನಾಗಿರುತ್ತಿತ್ತು ಅಂತ ಕೇಳಬೇಡಿ.

ನನ್ನ ಗಾಡಿ ಏನು ಮಾಡಲಿ? ಮಾರಿದರೆ ಅಡಿಗೆಮನೆ ಆಗುತ್ತದೆ. ಇಟ್ಟುಕೊಂಡರೆ ಮಾವ ಹೇಳಿದಂತೆ ಓಡಿಸಬೇಕು. ಈ ಚಳಿಗಾಲ ಮುಗಿಯುವ ತನಕ ಮೀಟರ್ ನೋಡುತ್ತೇನೆ ಅಂತ ನನ್ನವಳಿಗೆ ಮಾತು ಕೊಟ್ಟಿದ್ದೇನೆ. ಹತ್ತು ಸಾವಿರ ದಾಟದಿದ್ದರೆ ಯುಗಾದಿಗೆ ಮೊದಲು ಮಾರಾಟ. ಅವಳು ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.

ಹೋದ ತಿಂಗಳು ಪೆಟ್ರೋಲ್ ಬಂಕಿನಲ್ಲಿ ಆ ಹುಡುಗ ಸಿಕ್ಕಿದ. ಯಾರದೋ ಹಳೇ 100 ಸಿಸಿ ಗಾಡಿ, ಹಿಂದೆ ವೆಲ್ಡಿಂಗ್ ಸಾಮಾನಿನ ಚೀಲ. ಈಗ ಸ್ವಂತ ಕೆಲಸ ಹಿಡಿಯುತ್ತಿದ್ದಾನಂತೆ. ನನ್ನ ಗಾಡಿ ನೋಡಿ ನಕ್ಕು, "ಕಶೀ ಆಹೆ ಸಾಹೇಬ್?" ಅಂದ. ಒಂದು ಕ್ಷಣ ನಾಲಿಗೆ ತಡವರಿಸಿತು. "ಭಾರ ಕಣಪ್ಪಾ. ಬಿಸಿಯೂ ಹೌದು. ತಿಂಗಳಿಗೆ ಎರಡು ಸಲ ತೆಗೆದರೆ ಹೆಚ್ಚು" ಅಂತ ನನಗೆ ಬರುವ ಮರಾಠಿಯಲ್ಲಿ ಹೇಳಿದೆ.

ಅವನು ಪೆಟ್ರೋಲ್ ಮುಚ್ಚಳ ತಿರುಗಿಸುತ್ತಾ, "ಅವತ್ತೇ ಹೇಳಬೇಕಿತ್ತು ಸಾಹೇಬ್" ಅಂದ. ಸಿಟ್ಟೇನೂ ಇರಲಿಲ್ಲ. ಕಿಕ್ ಹೊಡೆದು ಹೊರಟುಹೋದ.

ನಿಮ್ಮ ಮನೆ ಮುಂದೆಯೂ ಒಂದು ದೊಡ್ಡ ಗಾಡಿ ನಿಂತಿದ್ದರೆ, ನಾಳೆ ಯಾರಾದರೂ ‘ಹೇಗಿದೆ ಸಾರ್?’ ಅಂತ ಕೇಳಿದರೆ, ದಯವಿಟ್ಟು ನಿಜ ಹೇಳಿ.